ಉತ್ತರ ಅಮೆರಿಕದ ವಲಸೆ ಬೇಟೆಹಕ್ಕಿಗಳು: ಸಹಭಾಗಿ ಸಂರಕ್ಷಣೆ ಮತ್ತು ನಿರ್ವಹಣೆಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಹೊಂಡವೊಂದರ ಅಂಚಿನಲ್ಲಿ ಜೂನ್ ತಿಂಗಳಲ್ಲಿ ಮೊಟ್ಟೆಯೊಡೆದು ಬಂದ ಬಾತುಮರಿ, ಅದೇ ವರ್ಷದ ಡಿಸೆಂಬರಿಗೆ ಅಮೆರಿಕದ ಅರ್ಕನ್ಸಾ ರಾಜ್ಯದ ನೀರು ನಿಂತ ಕಾಡಿನಲ್ಲಿ ತೇಲುತ್ತಿರಬಹುದು. ನಡುವೆ ಅದು ಒಂದು ದೇಶದ ಗಡಿಯನ್ನೂ ಹಲವು ರಾಜ್ಯಗಳ ಗಡಿಗಳನ್ನೂ ದಾಟಿರುತ್ತದೆ. ಅದನ್ನು ಎಲ್ಲಿ, ಯಾವಾಗ, ಎಷ್ಟು ಬೇಟೆಯಾಡಬಹುದು, ಅಥವಾ ಬೇಟೆಯಾಡಲೇಬಾರದೇ ಎಂಬುದನ್ನು ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಒಂದು ಶತಮಾನಕ್ಕೂ ಮಿಕ್ಕಿ ಕಟ್ಟಿಕೊಂಡು ಬಂದ ವ್ಯವಸ್ಥೆಯನ್ನು ಇಲ್ಲಿ ವಿವರಿಸಲಾಗಿದೆ.

ವಲಸೆ ಬೇಟೆಹಕ್ಕಿಗಳು ಎಂದರೆ ಯಾವುವು?

ಕಾನೂನಿನ ಭಾಷೆಯಲ್ಲಿ ಇದೊಂದು ನಿರ್ದಿಷ್ಟ ಪಟ್ಟಿ. ಬಾತು, ಹೆಬ್ಬಾತು ಮತ್ತು ಹಂಸಗಳ ಕುಟುಂಬ, ಕ್ರೌಂಚಗಳು, ನಾಮದ ಕೋಳಿ ಮತ್ತು ಅದರ ಬಳಗದ ರೈಲ್ ಹಕ್ಕಿಗಳು, ವುಡ್‌ಕಾಕ್ ಮತ್ತು ಸ್ನೈಪ್ ಸೇರಿದ ದಡದ ಹಕ್ಕಿಗಳು, ಕೊನೆಯದಾಗಿ ಬೆಳವ ಮತ್ತು ಪಾರಿವಾಳಗಳು ಇದರೊಳಗೆ ಬರುತ್ತವೆ. ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಆ ಹಕ್ಕಿಯನ್ನು ಹೊಡೆಯಬಹುದು ಎಂದರ್ಥವಲ್ಲ. ದಡದ ಹಕ್ಕಿಗಳೆಲ್ಲವೂ ದೇಶಗಳ ನಡುವಿನ ಒಪ್ಪಂದದ ಪ್ರಕಾರ ಬೇಟೆಹಕ್ಕಿಗಳೇ ಆದರೂ, ಅಮೆರಿಕದಲ್ಲಿ ಇಂದು ಋತು, ಅಂದರೆ ಬೇಟೆಗೆ ಅನುಮತಿ ಇರುವ ಅವಧಿ, ತೆರೆಯುವುದು ವುಡ್‌ಕಾಕ್ ಮತ್ತು ಸ್ನೈಪ್‌ಗಳಿಗೆ ಮಾತ್ರ. ಕ್ರೌಂಚಗಳಲ್ಲಿಯೂ ಸ್ಯಾಂಡ್‌ಹಿಲ್ ಕ್ರೌಂಚಕ್ಕೆ ಕೆಲವು ರಾಜ್ಯಗಳಲ್ಲಿ ಋತುವಿದೆ. ಅಳಿವಿನಂಚಿನಲ್ಲಿರುವ ವೂಪಿಂಗ್ ಕ್ರೌಂಚವನ್ನು ಮುಟ್ಟುವಂತಿಲ್ಲ. ಕಾಡು ಟರ್ಕಿ, ಗ್ರೌಸ್ ಮತ್ತು ಫೆಸೆಂಟ್‌ಗಳು ಬೇಟೆಯ ಹಕ್ಕಿಗಳಾದರೂ ವಲಸೆ ಹೋಗುವುದಿಲ್ಲವಾದ್ದರಿಂದ ಅವುಗಳ ಹೊಣೆ ಸಂಪೂರ್ಣವಾಗಿ ರಾಜ್ಯಗಳದು.

ಇಷ್ಟೊಂದು ಕಟ್ಟುಪಾಡುಗಳ ಅಗತ್ಯ ಏಕೆ ಬಂತು?

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೇಟೆ ಒಂದು ವ್ಯಾಪಾರವಾಗಿತ್ತು. ರೈಲುಮಾರ್ಗಗಳು ಬಂದ ಮೇಲೆ ಜೌಗಿನಲ್ಲಿ ಹೊಡೆದ ಬಾತುಗಳನ್ನು ಪೀಪಾಯಿಗಳಲ್ಲಿ ತುಂಬಿ ದೂರದ ನಗರಗಳ ಮಾರುಕಟ್ಟೆಗೆ ಕಳುಹಿಸುವುದು ಸುಲಭವಾಯಿತು. ದೋಣಿಗೆ ಕಟ್ಟಿದ ಭಾರಿ ಕೋವಿಯ ಒಂದೇ ಈಡಿಗೆ ಹತ್ತಾರು ಹಕ್ಕಿಗಳು ಉರುಳುತ್ತಿದ್ದವು. ವಸಂತದಲ್ಲಿ, ಅಂದರೆ ಗೂಡು ಕಟ್ಟಲು ಉತ್ತರಕ್ಕೆ ಮರಳುವ ಹೊತ್ತಿನಲ್ಲಿಯೂ ಬೇಟೆ ನಿಲ್ಲುತ್ತಿರಲಿಲ್ಲ. ಒಂದು ಕಾಲಕ್ಕೆ ಆಕಾಶವನ್ನೇ ಮುಚ್ಚುತ್ತಿದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ, ಮಾರ್ಥಾ ಎಂಬ ಹೆಸರಿನದು, 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು.

ಅದಕ್ಕೂ ಮುಂಚೆ, 1900ರಲ್ಲಿ ಬಂದ ಲೇಸಿ ಕಾಯ್ದೆ ಕಾನೂನುಬಾಹಿರವಾಗಿ ಕೊಂದ ಪ್ರಾಣಿಪಕ್ಷಿಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ನಿಷೇಧಿಸಿತ್ತು. ಆದರೆ ಒಂದು ರಾಜ್ಯ ಬಿಗಿಮಾಡಿದರೆ ಪಕ್ಕದ ರಾಜ್ಯ ಸಡಿಲಬಿಡುತ್ತಿತ್ತು. ತಾನು ಉಳಿಸಿದ ಹಕ್ಕಿಯನ್ನು ನೆರೆಯವನು ಹೊಡೆಯುತ್ತಾನೆ ಎಂದಾದರೆ ಉಳಿಸುವ ಉತ್ಸಾಹ ಯಾರಿಗೆ ಇರುತ್ತದೆ? ವಲಸೆ ಹಕ್ಕಿಯ ವಿಷಯದಲ್ಲಿ ಒಬ್ಬಂಟಿ ಕಾನೂನು ಸೋಲುವುದು ಈ ಕಾರಣಕ್ಕೇ.

ದೇಶಗಳ ನಡುವಿನ ಒಪ್ಪಂದ ಏನು ಹೇಳುತ್ತದೆ?

1916ರ ಆಗಸ್ಟ್ 16ರಂದು ಅಮೆರಿಕ ಹಾಗೂ, ಕೆನಡಾದ ಪರವಾಗಿ, ಬ್ರಿಟನ್ ವಲಸೆ ಹಕ್ಕಿಗಳ ಒಪ್ಪಂದಕ್ಕೆ ಸಹಿ ಹಾಕಿದವು. ಅದನ್ನು ಜಾರಿಗೆ ತರಲು ಕೆನಡಾ 1917ರಲ್ಲಿ, ಅಮೆರಿಕ 1918ರಲ್ಲಿ ಕಾಯ್ದೆ ಮಾಡಿದವು. ಬೇಟೆಹಕ್ಕಿಗಳಿಗೆ ಮಾರ್ಚ್ 10ರಿಂದ ಸೆಪ್ಟೆಂಬರ್ 1ರವರೆಗೆ ಬೇಟೆ ನಿಷೇಧ, ಉಳಿದ ಅವಧಿಯಲ್ಲಿಯೂ ಋತು ಮೂರೂವರೆ ತಿಂಗಳು ಮೀರಬಾರದು ಎಂಬುದು ಅದರ ಬೆನ್ನೆಲುಬು. ಈ ಮೂರೂವರೆ ತಿಂಗಳನ್ನೇ ಇಂದಿನ ನಿಯಮಗಳು 107 ದಿನಗಳೆಂದು ಲೆಕ್ಕ ಹಾಕುತ್ತವೆ. ಮುಂದೆ ಅಮೆರಿಕ ಮೆಕ್ಸಿಕೋದೊಡನೆ 1936ರಲ್ಲಿ, ಜಪಾನಿನೊಡನೆ 1972ರಲ್ಲಿ, ಸೋವಿಯತ್ ಒಕ್ಕೂಟದೊಡನೆ 1976ರಲ್ಲಿ ಇಂಥವೇ ಒಪ್ಪಂದಗಳನ್ನು ಮಾಡಿಕೊಂಡಿತು.

ರಾಜ್ಯಗಳು ಇದನ್ನು ಸುಮ್ಮನೆ ಒಪ್ಪಿಕೊಂಡವೇ?

ಇಲ್ಲ. ತನ್ನ ನೆಲದ ಮೇಲಿರುವ ಕಾಡುಹಕ್ಕಿ ತನ್ನದೇ ಎಂದು ಮಿಸೌರಿ ರಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1920ರಲ್ಲಿ ನ್ಯಾಯಮೂರ್ತಿ ಹೋಮ್ಸ್ ಬರೆದ ತೀರ್ಪು ಫೆಡರಲ್ (ಕೇಂದ್ರ) ಸರ್ಕಾರದ ಪರವಾಗಿ ಬಂತು. ನಿನ್ನೆ ಬಂದಿರದ, ನಾಳೆ ಇನ್ನೊಂದು ರಾಜ್ಯದಲ್ಲಿರಬಹುದಾದ, ವಾರದೊಳಗೆ ಸಾವಿರ ಮೈಲಿ ಆಚೆಗಿರಬಹುದಾದ ಹಕ್ಕಿಯ ಮೇಲೆ ರಾಜ್ಯವೊಂದು ಒಡೆತನ ಸಾಧಿಸುವುದು ತೀರ ತೆಳುವಾದ ಆಧಾರ ಎಂಬುದು ಆ ತೀರ್ಪಿನ ತಿರುಳು. ಕಾನೂನು ಪುಸ್ತಕಗಳಲ್ಲಿ ಹಕ್ಕಿಯ ಸ್ವಭಾವವನ್ನು ಇಷ್ಟು ಚೊಕ್ಕವಾಗಿ ಹಿಡಿದ ಮಾತು ಅಪರೂಪ.

ಹಾರುದಾರಿ ಎಂದರೇನು? ಹಕ್ಕಿಗಳು ನಿಜಕ್ಕೂ ಗೆರೆ ಎಳೆದಂತೆ ಹಾರುತ್ತವೆಯೇ?

ಹಕ್ಕಿಯ ಕಾಲಿಗೆ ಅಲ್ಯೂಮಿನಿಯಂ ಉಂಗುರ ತೊಡಿಸಿ ಬಿಟ್ಟು, ಅದು ಮತ್ತೆಲ್ಲಿ ಸಿಕ್ಕಿತು ಎಂಬ ಮಾಹಿತಿಯನ್ನು ಕಲೆಹಾಕುತ್ತಿದ್ದ ಫ್ರೆಡರಿಕ್ ಲಿಂಕನ್ ಎಂಬ ಜೀವಶಾಸ್ತ್ರಜ್ಞರು, 1930ರ ದಶಕದಲ್ಲಿ ಹಾರುದಾರಿ, ಅಂದರೆ ವಲಸೆ ಹಕ್ಕಿಗಳು ಸಾಮಾನ್ಯವಾಗಿ ಹಿಡಿಯುವ ದಾರಿ, ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಭೂಪಟದ ಮೇಲೆ ಸಾವಿರಾರು ಉಂಗುರಗಳ ಜಾಡು ಹಿಡಿದಾಗ ಅಟ್ಲಾಂಟಿಕ್, ಮಿಸಿಸಿಪ್ಪಿ, ಸೆಂಟ್ರಲ್, ಪೆಸಿಫಿಕ್ ಎಂಬ ನಾಲ್ಕು ದೊಡ್ಡ ಹಾರುದಾರಿಗಳು ಗೋಚರಿಸಿದವು. ಹಕ್ಕಿಗಳು ಈ ಗೆರೆಗಳನ್ನು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ; ಕೆನಡಾದ ಆಲ್ಬರ್ಟಾದಲ್ಲಿ ಉಂಗುರ ತೊಟ್ಟ ಒಂದೇ ಹಿಂಡಿನ ಬಾತುಗಳು ಕ್ಯಾಲಿಫೋರ್ನಿಯಾದಲ್ಲಿಯೂ ಟೆಕ್ಸಾಸ್‌ನಲ್ಲಿಯೂ ಸಿಗಬಹುದು. ಆದರೂ ಆಡಳಿತದ ದೃಷ್ಟಿಯಿಂದ ಇದೊಂದು ಬಲು ಉಪಯುಕ್ತವಾದ ವಿಭಜನೆ. 1948ರಿಂದ ಬೇಟೆಯ ನಿಯಮಗಳನ್ನು ಹಾರುದಾರಿಗಳ ಪ್ರಕಾರವೇ ಹೊರಡಿಸಲಾಗುತ್ತಿದೆ, 1952ರಲ್ಲಿ ರಾಜ್ಯಗಳು ಸೇರಿ ಪ್ರತಿ ಹಾರುದಾರಿಗೂ ಒಂದೊಂದು ಮಂಡಳಿ ರಚಿಸಿಕೊಂಡವು. ದಾರಿಯ ಮೇಲಿನ ಕೆನಡಾದ ಪ್ರಾಂತ್ಯಗಳೂ ಈ ಮಂಡಳಿಗಳಲ್ಲಿ ಪಾಲುಗೊಳ್ಳುತ್ತವೆ.

ಋತುವನ್ನೂ ದಿನದ ಮಿತಿಯನ್ನೂ ಕೊನೆಗೆ ತೀರ್ಮಾನಿಸುವವರು ಯಾರು?

ಇಲ್ಲಿ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ರಾಜ್ಯಗಳ ಜೀವಶಾಸ್ತ್ರಜ್ಞರ ತಾಂತ್ರಿಕ ಸಮಿತಿ ಅಂಕಿಅಂಶಗಳನ್ನು ಪರಿಶೀಲಿಸಿ ಹಾರುದಾರಿ ಮಂಡಳಿಗೆ ವರದಿ ಕೊಡುತ್ತದೆ. ಮಂಡಳಿ ತನ್ನ ಶಿಫಾರಸನ್ನು ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆ ಎಂಬ ಫೆಡರಲ್ ಸಂಸ್ಥೆಗೆ ಕಳುಹಿಸುತ್ತದೆ. ಸೇವೆಯ ನಿಯಮ ಸಮಿತಿ ಅದನ್ನು ಚರ್ಚಿಸಿ, ಕರಡನ್ನು ಫೆಡರಲ್ ಗೆಜೆಟ್ಟಿನಲ್ಲಿ ಪ್ರಕಟಿಸಿ, ಸಾರ್ವಜನಿಕರ ಅಭಿಪ್ರಾಯ ಪಡೆದು, ಅಂತಿಮ ಚೌಕಟ್ಟನ್ನು ಹೊರಡಿಸುತ್ತದೆ. ಋತು ಯಾವ ದಿನಾಂಕಗಳ ನಡುವೆ ಇರಬೇಕು, ಗರಿಷ್ಠ ಎಷ್ಟು ದಿನ, ದಿನಕ್ಕೆ ಗರಿಷ್ಠ ಎಷ್ಟು ಹಕ್ಕಿ ಎಂಬುದಷ್ಟೇ ಚೌಕಟ್ಟಿನಲ್ಲಿರುತ್ತದೆ. ಆ ಚೌಕಟ್ಟಿನೊಳಗೆ ರಾಜ್ಯ ತನ್ನ ದಿನಗಳನ್ನು ಆರಿಸಿಕೊಳ್ಳುತ್ತದೆ. ರಾಜ್ಯವು ಚೌಕಟ್ಟಿಗಿಂತ ಬಿಗಿಯಾಗಬಹುದು, ಸಡಿಲವಾಗುವಂತಿಲ್ಲ.

2016–17ರ ಋತುವಿನಿಂದ ಈ ತೀರ್ಮಾನಗಳನ್ನು ಹಿಂದಿನ ವರ್ಷದ ಎಣಿಕೆಯ ಆಧಾರದ ಮೇಲೆ ಮೊದಲೇ ಮಾಡಲಾಗುತ್ತಿದೆ. ಅದಕ್ಕೂ ಮೊದಲು ಬೇಸಿಗೆಯ ಎಣಿಕೆ ಕೈಗೆ ಬಂದು ಕೆಲವೇ ವಾರಗಳಲ್ಲಿ ಎಲ್ಲವನ್ನೂ ಮುಗಿಸಬೇಕಾಗಿದ್ದರಿಂದ ಅಧಿಕಾರಿಗಳಿಗೂ ಮುದ್ರಕರಿಗೂ ಉಸಿರಾಡಲು ಬಿಡುವಿರುತ್ತಿರಲಿಲ್ಲ.

ಆಕಾಶದಲ್ಲಿ ಹಾರುವ ಹಕ್ಕಿಯನ್ನು ಎಣಿಸುವುದು ಹೇಗೆ?

ಹಾರುವಾಗ ಎಣಿಸುವುದಿಲ್ಲ, ಗೂಡು ಕಟ್ಟಲು ನೀರಿಗಿಳಿದಾಗ ಎಣಿಸುತ್ತಾರೆ. 1955ರಿಂದ ಪ್ರತಿ ವರ್ಷ ಮೇ ತಿಂಗಳ ಹೊತ್ತಿಗೆ ಅಮೆರಿಕ ಮತ್ತು ಕೆನಡಾದ ಸಿಬ್ಬಂದಿ ಸೇರಿ ನಡೆಸುವ ಬಾತುಗಳ ಸಮೀಕ್ಷೆ ವನ್ಯಜೀವಿ ಸಮೀಕ್ಷೆಗಳಲ್ಲಿ ಅತ್ಯಂತ ದೊಡ್ಡದೆಂದು ಹೆಸರಾದುದು. ಅದರ ವ್ಯಾಪ್ತಿ 20 ಲಕ್ಷ ಚದರ ಮೈಲಿಗೂ ಹೆಚ್ಚು. ಸಣ್ಣ ವಿಮಾನವೊಂದು ನೆಲದಿಂದ ಸುಮಾರು 100ರಿಂದ 150 ಅಡಿ ಎತ್ತರದಲ್ಲಿ, ಅಂದರೆ ದೊಡ್ಡ ಮರದ ತುದಿಗಿಂತ ತುಸು ಮೇಲೆ, ಮೊದಲೇ ಗೊತ್ತುಪಡಿಸಿದ ನೇರ ದಾರಿಯಲ್ಲಿ ಸಾಗುತ್ತದೆ. ಪೈಲಟ್ ಕೂಡ ಜೀವಶಾಸ್ತ್ರಜ್ಞನೇ. ಅವನು ಎಡಗಡೆಯನ್ನು, ಬಲಕ್ಕೆ ಕುಳಿತ ವೀಕ್ಷಕ ಬಲಗಡೆಯನ್ನು ನೋಡುತ್ತಾರೆ. ಎರಡೂ ಬದಿಯಲ್ಲಿ 200 ಮೀಟರ್ ಅಗಲದ ಪಟ್ಟಿಯೊಳಗೆ ಕಂಡ ಪ್ರತಿ ಬಾತನ್ನೂ ಜಾತಿ ಗುರುತಿಸಿ, ಜೋಡಿಯೋ ಒಂಟಿ ಗಂಡೋ ಹಿಂಡೋ ಎಂದು ಬಾಯಲ್ಲಿ ಹೇಳುತ್ತ ಧ್ವನಿಮುದ್ರಿಸಿಕೊಳ್ಳಬೇಕು. ಹಕ್ಕಿ ಕಣ್ಣಿಗೆ ಬಿದ್ದು ಹಿಂದೆ ಸರಿಯುವಷ್ಟರಲ್ಲಿ ಒಂದೆರಡು ಕ್ಷಣಗಳಷ್ಟೇ ಸಿಗುತ್ತವೆ.

ಗಾಳಿಯಿಂದ ನೋಡಿದಾಗ ಎಲ್ಲ ಹಕ್ಕಿಗಳೂ ಕಾಣುವುದಿಲ್ಲ. ಹುಲ್ಲಿನ ಮರೆಯ ಕಂದು ಹೆಣ್ಣು ಬಾತು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಅದಕ್ಕಾಗಿ ಹುಲ್ಲುಗಾವಲು ಪ್ರದೇಶದ ಕೆಲವು ತುಣುಕುಗಳಲ್ಲಿ ಇನ್ನೊಂದು ತಂಡ ಅದೇ ಹೊಂಡಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಎಣಿಸುತ್ತದೆ. ಎರಡು ಎಣಿಕೆಗಳ ಅನುಪಾತದಿಂದ ವಿಮಾನದ ಲೆಕ್ಕವನ್ನು ತಿದ್ದಲಾಗುತ್ತದೆ. ಬಾತುಗಳ ಜೊತೆಗೆ ಹೊಂಡಗಳನ್ನೂ ಎಣಿಸುತ್ತಾರೆ; ನೀರಿಲ್ಲದ ವರ್ಷ ಮರಿಗಳೂ ಇಲ್ಲ. ಕೋವಿಡ್ ಕಾರಣದಿಂದ 2020 ಮತ್ತು 2021ರಲ್ಲಿ ಮಾತ್ರ ಈ ಸಮೀಕ್ಷೆ ನಡೆಯಲಿಲ್ಲ.

ಎಷ್ಟು ಹಕ್ಕಿಗಳನ್ನು ಹೊಡೆದರು ಎಂಬುದು ಹೇಗೆ ತಿಳಿಯುತ್ತದೆ?

ವಲಸೆ ಹಕ್ಕಿಗಳ ಬೇಟೆಗೆ ಹೊರಡುವವರು ಪ್ರತಿ ವರ್ಷ ತಮ್ಮ ರಾಜ್ಯದ ಮೂಲಕ ಹೆಸರು ನೋಂದಾಯಿಸಿ ಹಿಂದಿನ ಋತುವಿನ ಬಗ್ಗೆ ಕೆಲವು ಪ್ರಶ್ನೆಗಳಿಗೆ ಉತ್ತರಿಸಬೇಕು. ಆ ಪಟ್ಟಿಯಿಂದ ಕೆಲವರನ್ನು ಆರಿಸಿ ವಿವರವಾದ ದಿನಚರಿ ಕೇಳುತ್ತಾರೆ. ಇನ್ನು ಕೆಲವರಿಗೆ ಅಂಚೆ ವೆಚ್ಚ ಮೊದಲೇ ತುಂಬಿದ ಲಕೋಟೆಗಳು ಬರುತ್ತವೆ. ಅವರು ತಾವು ಹೊಡೆದ ಪ್ರತಿ ಬಾತಿನ ಒಂದು ರೆಕ್ಕೆಯನ್ನು ಕತ್ತರಿಸಿ, ಹೊಡೆದ ದಿನಾಂಕ ಮತ್ತು ಸ್ಥಳ ಬರೆದು ಅದರಲ್ಲಿಟ್ಟು ಕಳುಹಿಸಬೇಕು. ಹೆಬ್ಬಾತಾದರೆ ರೆಕ್ಕೆಯ ತುದಿ ಮತ್ತು ಬಾಲದ ಗರಿಗಳು.

ಋತು ಮುಗಿದ ಮೇಲೆ ಪ್ರತಿ ಹಾರುದಾರಿಯ ಜೀವಶಾಸ್ತ್ರಜ್ಞರು ಒಂದೆಡೆ ಸೇರಿ ಈ ರೆಕ್ಕೆಗಳನ್ನು ವಿಂಗಡಿಸುತ್ತಾರೆ. ಉದ್ದನೆಯ ಮೇಜುಗಳ ಮೇಲೆ ಲಕೋಟೆಗಳ ರಾಶಿ, ಒಣಗಿದ ಕೊಬ್ಬಿನ ವಾಸನೆ, ಒಂದೊಂದಾಗಿ ರೆಕ್ಕೆ ಬಿಡಿಸಿ ಬೆಳಕಿಗೆ ಹಿಡಿಯುವ ಕೈಗಳು. ನೀಲಿ ಪಟ್ಟಿಯ ಎರಡೂ ಅಂಚಿಗೆ ಬಿಳಿ ಗೆರೆ ಇದ್ದರೆ ಅದು ಮಲಾರ್ಡ್ ಎಂಬ ಜಾತಿಯ ಬಾತು. ದೇಹಕ್ಕೆ ಹತ್ತಿರದ ಗರಿಗಳ ತುದಿ ಸವೆದು ಕಿರಿದಾಗಿದ್ದರೆ ಆ ವರ್ಷದ ಮರಿ, ಅಗಲವಾಗಿ ನುಣುಪಾಗಿದ್ದರೆ ವಯಸ್ಕ. ನುರಿತವರಿಗೆ ಒಂದು ರೆಕ್ಕೆಗೆ ಕೆಲವೇ ಕ್ಷಣ ಸಾಕು. ಹೊಡೆದ ವಯಸ್ಕ ಹೆಣ್ಣುಗಳಿಗೆ ಎಷ್ಟು ಮರಿಗಳಿವೆ ಎಂಬ ಅನುಪಾತ ಆ ವರ್ಷ ಗೂಡುಗಳು ಎಷ್ಟು ಫಲಿಸಿದವು ಎಂಬುದನ್ನು ಹೇಳುತ್ತದೆ. ಮರಿಗಳು ಅನುಭವವಿಲ್ಲದೆ ಹೆಚ್ಚು ಸುಲಭವಾಗಿ ಗುರಿಗೆ ಸಿಗುವುದರಿಂದ, ಉಂಗುರಗಳ ಮಾಹಿತಿ ಬಳಸಿ ಆ ಅನುಪಾತವನ್ನು ತಿದ್ದಬೇಕಾಗುತ್ತದೆ.

ಇಷ್ಟೆಲ್ಲ ಅಂಕಿಗಳಿದ್ದರೂ ತೀರ್ಮಾನ ಕೊನೆಗೆ ಊಹೆಯೇ ಅಲ್ಲವೇ?

ಅನಿಶ್ಚಿತತೆ ಇದೆ, ಅದನ್ನು ಮುಚ್ಚಿಡದೆ ಲೆಕ್ಕದೊಳಗೇ ತಂದಿರುವುದು ಈ ವ್ಯವಸ್ಥೆಯ ಹೆಚ್ಚುಗಾರಿಕೆ ಎಂದು ನನ್ನ ಎಣಿಕೆ. 1995ಕ್ಕೆ ಮುಂಚೆ ಪ್ರತಿ ಬೇಸಿಗೆಯಲ್ಲಿಯೂ ಒಂದೇ ಜಗಳ ಮರುಕಳಿಸುತ್ತಿತ್ತು. ಬೇಟೆಯಲ್ಲಿ ಸಾಯುವ ಬಾತುಗಳು ಹೇಗೂ ಚಳಿಗೋ ರೋಗಕ್ಕೋ ಸಾಯುತ್ತಿದ್ದವು, ಆದ್ದರಿಂದ ನಷ್ಟವಿಲ್ಲ ಎಂದು ಒಂದು ಪಕ್ಷ. ಬೇಟೆಯ ಸಾವು ಉಳಿದೆಲ್ಲ ಸಾವುಗಳ ಮೇಲೆ ಹೆಚ್ಚುವರಿ ಹೊರೆ ಎಂದು ಇನ್ನೊಂದು ಪಕ್ಷ. ಎರಡಕ್ಕೂ ಪುರಾವೆ ಇತ್ತು, ಯಾವುದಕ್ಕೂ ಪೂರ್ತಿ ಇರಲಿಲ್ಲ.

1995ರಲ್ಲಿ ಆರಂಭವಾದ ಹೊಂದಾಣಿಕೆಯ ನಿರ್ವಹಣೆ ಈ ಜಗಳವನ್ನು ಬಗೆಹರಿಸಲು ಹೋಗದೆ, ಎರಡೂ ವಾದಗಳನ್ನು ಪ್ರತ್ಯೇಕ ಗಣಿತ ಮಾದರಿಗಳನ್ನಾಗಿ ಮಾಡಿತು. ಪ್ರತಿ ಮಾದರಿ ಮುಂದಿನ ವರ್ಷ ಮಲಾರ್ಡ್‌ಗಳು ಎಷ್ಟಿರುತ್ತವೆ ಎಂದು ಮುಂಗಾಣುತ್ತದೆ. ಮೇ ತಿಂಗಳ ಎಣಿಕೆ ಬಂದಾಗ ಯಾವುದು ನಿಜಕ್ಕೆ ಹತ್ತಿರವಾಯಿತೋ ಅದರ ತೂಕ ಹೆಚ್ಚುತ್ತದೆ, ದೂರವಾದದ್ದರ ತೂಕ ಇಳಿಯುತ್ತದೆ. ಮಲಾರ್ಡ್‌ಗಳ ಸಂಖ್ಯೆ ಮತ್ತು ಕೆನಡಾದ ಹುಲ್ಲುಗಾವಲಿನ ಹೊಂಡಗಳ ಸಂಖ್ಯೆ, ಇವೆರಡನ್ನು ಕೋಷ್ಟಕದಲ್ಲಿ ಹುಡುಕಿದರೆ ಆ ವರ್ಷದ ನಿಯಮ ಉದಾರವೋ ಮಧ್ಯಮವೋ ಬಿಗಿಯೋ, ಅಥವಾ ಋತುವನ್ನೇ ಮುಚ್ಚಬೇಕೋ ಎಂಬುದು ಸಿಗುತ್ತದೆ. ಆಟ ಶುರುವಾಗುವ ಮೊದಲೇ ನಿಯಮ ಬರೆದಿಟ್ಟಿರುವುದರಿಂದ, ಸೋತವರು ಅಂಪೈರನ್ನು ದೂರುವ ಪ್ರಸಂಗ ಕಡಿಮೆಯಾಗಿದೆ.

ಇದಕ್ಕೆಲ್ಲ ಹಣ ಎಲ್ಲಿಂದ ಬರುತ್ತದೆ?

ಬಹುಪಾಲು ಬೇಟೆಗಾರರಿಂದಲೇ. 1934ರಿಂದ ಅಮೆರಿಕದಲ್ಲಿ 16 ವರ್ಷ ತುಂಬಿದ ಪ್ರತಿಯೊಬ್ಬ ಜಲಪಕ್ಷಿ ಬೇಟೆಗಾರನೂ ಫೆಡರಲ್ ಬಾತು ಸ್ಟಾಂಪು ಕೊಳ್ಳಬೇಕು. ಮೊದಲ ಸ್ಟಾಂಪಿನ ಚಿತ್ರ ಬಿಡಿಸಿದವರು ವ್ಯಂಗ್ಯಚಿತ್ರಕಾರ ಜೇ ‘ಡಿಂಗ್’ ಡಾರ್ಲಿಂಗ್. ಆಗ ಅದರ ಬೆಲೆ 1 ಡಾಲರ್, 2015ರಿಂದ 25 ಡಾಲರ್. ಪ್ರತಿ ಡಾಲರಿನಲ್ಲಿ 98 ಸೆಂಟ್ ರಾಷ್ಟ್ರೀಯ ವನ್ಯಜೀವಿ ಆಶ್ರಯತಾಣಗಳಿಗಾಗಿ ಜೌಗುಭೂಮಿಯನ್ನು ಕೊಳ್ಳಲು ಅಥವಾ ಗುತ್ತಿಗೆ ಪಡೆಯಲು ಹೋಗುತ್ತದೆ. ಈವರೆಗೆ ಹೀಗೆ 60 ಲಕ್ಷ ಎಕರೆಗೂ ಹೆಚ್ಚು ನೆಲ ರಕ್ಷಣೆಗೆ ಒಳಪಟ್ಟಿದೆ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಂತೆ ಕೋವಿ ಮತ್ತು ತೋಟಾಗಳ ಮೇಲಿನ ವಿಶೇಷ ತೆರಿಗೆ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹಂಚಿಕೆಯಾಗುತ್ತದೆ. ಕೆನಡಾದಲ್ಲಿ ಬೇಟೆಯ ಪರ್ಮಿಟ್ಟಿನ ಜೊತೆಗೆ 1985ರಿಂದ ಆವಾಸ ಸಂರಕ್ಷಣೆಯ ಸ್ಟಾಂಪು ಇದೆ.

1986ರಲ್ಲಿ ಅಮೆರಿಕ ಮತ್ತು ಕೆನಡಾ ಒಪ್ಪಿಕೊಂಡ ಉತ್ತರ ಅಮೆರಿಕದ ಜಲಪಕ್ಷಿ ನಿರ್ವಹಣಾ ಯೋಜನೆಗೆ ಮೆಕ್ಸಿಕೋ 1994ರಲ್ಲಿ ಸೇರಿತು. ಸರ್ಕಾರ, ಖಾಸಗಿ ಸಂಸ್ಥೆಗಳು ಮತ್ತು ಜಮೀನಿನ ಒಡೆಯರು ಪ್ರದೇಶವಾರು ಜಂಟಿ ಕೂಟಗಳನ್ನು ಕಟ್ಟಿಕೊಂಡು ಕೆಲಸ ಮಾಡುವುದು ಅದರ ಕ್ರಮ. 1989ರ ಜೌಗುಭೂಮಿ ಸಂರಕ್ಷಣಾ ಕಾಯ್ದೆ ಅದಕ್ಕೆ ಅನುದಾನದ ದಾರಿ ಮಾಡಿಕೊಟ್ಟಿತು.

ಕೊಲ್ಲುವುದರಿಂದ ಉಳಿಸಿದಂತಾಗುತ್ತದೆ ಎಂಬುದು ವಿಚಿತ್ರ ವಾದವಲ್ಲವೇ?

ಈ ಪ್ರಶ್ನೆ ನ್ಯಾಯವಾದದ್ದೇ. ಬೇಟೆ ತಾನಾಗಿ ಯಾವ ಹಕ್ಕಿಯನ್ನೂ ಉಳಿಸುವುದಿಲ್ಲ. ನಿಯಂತ್ರಣ ಮತ್ತು ನೆಲ ಉಳಿಸುತ್ತವೆ. ವುಡ್ ಡಕ್ ಎಂಬ ಚೆಲುವಾದ ಬಾತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತೀರ ವಿರಳವಾಗಿತ್ತು. 1918ರಿಂದ 1941ರವರೆಗೆ ಅದರ ಬೇಟೆ ಸಂಪೂರ್ಣ ನಿಂತಿತು, ಮರದ ಪೊಟರೆಗಳಿಗೆ ಬದಲಾಗಿ ಜನರು ಗೂಡುಪೆಟ್ಟಿಗೆಗಳನ್ನು ಕಟ್ಟಿದರು, ಇಂದು ಅದು ಪೂರ್ವದ ರಾಜ್ಯಗಳಲ್ಲಿ ಸಾಮಾನ್ಯ ಹಕ್ಕಿ. ಚೇತರಿಕೆ ತಂದದ್ದು ಕೋವಿಯ ಮೌನ. ಆದರೆ ಜೌಗುಭೂಮಿಗೆ ವರ್ಷವರ್ಷವೂ ತಪ್ಪದೆ ಹಣ ಕೊಡುವ ಗುಂಪು ಯಾವುದೆಂದು ಹುಡುಕಿದರೆ ಬೇಟೆಗಾರರೇ ಮುಂದೆ ಬರುತ್ತಾರೆ. 1970ರಿಂದೀಚೆಗೆ ಉತ್ತರ ಅಮೆರಿಕದಲ್ಲಿ ಸುಮಾರು 300 ಕೋಟಿ ಹಕ್ಕಿಗಳು ಕಡಿಮೆಯಾಗಿವೆ ಎಂದು 2019ರ ಅಧ್ಯಯನವೊಂದು ಲೆಕ್ಕ ಹಾಕಿದಾಗ, ಹುಲ್ಲುಗಾವಲಿನ ಪುಟ್ಟ ಹಕ್ಕಿಗಳು ಕುಸಿದಿದ್ದವು, ಬಾತು–ಹೆಬ್ಬಾತುಗಳ ಬಳಗ ಏರಿತ್ತು. ಈ ವ್ಯತ್ಯಾಸಕ್ಕೆ ಹಣದ ಹರಿವೂ ಒಂದು ಕಾರಣ ಎಂಬುದನ್ನು ಬೇಟೆ ಇಷ್ಟಪಡದವರೂ ಗಮನಿಸಬೇಕಾಗುತ್ತದೆ. ಬಾತು ಸ್ಟಾಂಪನ್ನು ಬೇಟೆಯಾಡದ ಪಕ್ಷಿವೀಕ್ಷಕರೂ ಕೊಳ್ಳಬಹುದು, ಹಲವರು ಕೊಳ್ಳುತ್ತಾರೆ.

ಹಕ್ಕಿಗಳು ಮಿತಿಮೀರಿದರೆ?

ಅದೂ ಆಗಿದೆ. ದಕ್ಷಿಣದ ಹೊಲಗಳಲ್ಲಿ ಕೊಯ್ಲಿನ ನಂತರ ಉಳಿದ ಕಾಳನ್ನು ತಿಂದು ಚಳಿಗಾಲವನ್ನು ಸಲೀಸಾಗಿ ಕಳೆದ ಹಿಮ ಹೆಬ್ಬಾತುಗಳು ಎಷ್ಟು ಹೆಚ್ಚಿದವೆಂದರೆ, ಹಡ್ಸನ್ ಕೊಲ್ಲಿಯ ಕರಾವಳಿಯಲ್ಲಿ ಅವು ಹುಲ್ಲನ್ನು ಬೇರುಸಹಿತ ಕಿತ್ತು ತಿಂದು ನೆಲವನ್ನು ಬೋಳಾಗಿಸಿದವು. ಬೋಳಾದ ಮಣ್ಣಿನಿಂದ ನೀರು ಆವಿಯಾಗಿ ಉಪ್ಪು ಮೇಲಕ್ಕೆ ಬಂದು, ಮತ್ತೆ ಹುಲ್ಲು ಹುಟ್ಟದಂತಾಯಿತು. 1999ರಲ್ಲಿ ಸಂರಕ್ಷಣಾ ಆದೇಶದ ಮೂಲಕ ಸಾಮಾನ್ಯ ಋತು ಮುಗಿದ ಮೇಲೂ ಅವುಗಳನ್ನು ಹೊಡೆಯಲು ಅವಕಾಶ ಕೊಟ್ಟು, ಬೇರೆಡೆ ನಿಷಿದ್ಧವಾದ ಎಲೆಕ್ಟ್ರಾನಿಕ್ ಕೂಗುಯಂತ್ರಗಳನ್ನೂ ಬಳಸಬಹುದೆಂದರು. ಸಂಖ್ಯೆ ನಿರೀಕ್ಷಿಸಿದಷ್ಟು ಬೇಗ ಇಳಿಯಲಿಲ್ಲ. ಅತಿಬೇಟೆಯನ್ನು ತಡೆಯುವುದರಲ್ಲಿ ಪಳಗಿದ ವ್ಯವಸ್ಥೆಗೆ ಹೆಚ್ಚು ಹೊಡೆಯಿರಿ ಎಂದು ಹೇಳುವುದು ಅಷ್ಟು ಸುಲಭವಾಗಿ ಒಗ್ಗಲಿಲ್ಲ.

ಬೇಟೆಯ ವಿಧಾನಕ್ಕೆ ಇರುವ ಮುಖ್ಯ ನಿರ್ಬಂಧಗಳು ಯಾವುವು?

ಶಾಟ್‌ಗನ್ನಿನಲ್ಲಿ ಒಮ್ಮೆಗೆ ಮೂರಕ್ಕಿಂತ ಹೆಚ್ಚು ತೋಟಾ ತುಂಬುವಂತಿಲ್ಲ, ರೈಫಲ್ ಬಳಸುವಂತಿಲ್ಲ, ಕಾಳು ಚೆಲ್ಲಿ ಹಕ್ಕಿಗಳನ್ನು ಸೆಳೆಯುವಂತಿಲ್ಲ. ಜೀವಂತ ಬಾತುಗಳನ್ನು ದೀವದ ಹಕ್ಕಿಗಳಾಗಿ ಕಟ್ಟಿಹಾಕುವುದು 1935ರಿಂದ ನಿಷಿದ್ಧ. ಮರದ ಅಥವಾ ಪ್ಲಾಸ್ಟಿಕ್ಕಿನ ಬೊಂಬೆಗಳಿಗೆ ಅಡ್ಡಿಯಿಲ್ಲ. ಜಲಪಕ್ಷಿಗಳಿಗೆ ಸೀಸದ ಚರೆಯನ್ನು ಅಮೆರಿಕ 1991ರಲ್ಲಿ ದೇಶದಾದ್ಯಂತ ನಿಷೇಧಿಸಿತು. ಕೆಸರಿಗೆ ಬಿದ್ದ ಚರೆಯನ್ನು ಬಾತುಗಳು ಕಾಳೆಂದೋ ಕಲ್ಲೆಂದೋ ನುಂಗಿ, ಅದು ಜಠರದಲ್ಲಿ ಅರೆದು ರಕ್ತಕ್ಕೆ ಸೇರಿ ನಿಧಾನವಾಗಿ ಸಾಯುತ್ತಿದ್ದವು. ಅವನ್ನು ತಿಂದ ಬೋಳು ಹದ್ದುಗಳಿಗೂ ವಿಷ ಏರುತ್ತಿತ್ತು. ಈಗ ಉಕ್ಕು, ಬಿಸ್ಮತ್ ಅಥವಾ ಟಂಗ್‌ಸ್ಟನ್ ಚರೆ.

ಮೂಲನಿವಾಸಿಗಳ ಪಾಲೇನು?

ವಸಂತದ ಬೇಟೆಯನ್ನು ನಿಷೇಧಿಸಿದ 1916ರ ಒಪ್ಪಂದ ದೂರದ ಉತ್ತರದ ಜನರನ್ನು ಬಹುಮಟ್ಟಿಗೆ ಮರೆತಿತ್ತು. ಅಲಾಸ್ಕಾದಲ್ಲಿಯೂ ಕೆನಡಾದ ಉತ್ತರದಲ್ಲಿಯೂ ಹಕ್ಕಿಗಳು ಇರುವುದೇ ವಸಂತ ಮತ್ತು ಬೇಸಿಗೆಯಲ್ಲಿ. ಚಳಿಗಾಲದ ಕೊನೆಗೆ ಸಂಗ್ರಹ ಮುಗಿದಾಗ ಮರಳಿ ಬರುವ ಹೆಬ್ಬಾತು ಅಲ್ಲಿ ಹೊಟ್ಟೆಯ ಆಧಾರ. ದಶಕಗಳ ಕಾಲ ಅವರು ತಮ್ಮ ಊಟಕ್ಕಾಗಿ ಕಾನೂನು ಮುರಿಯುತ್ತಲೇ ಬದುಕಬೇಕಾಯಿತು. 1995ರಲ್ಲಿ ಸಹಿಯಾದ ತಿದ್ದುಪಡಿ ಈ ಅನ್ಯಾಯವನ್ನು ಸರಿಪಡಿಸಿತು. ಅಲಾಸ್ಕಾದಲ್ಲಿ ಈಗ ಮೂಲನಿವಾಸಿ ಪ್ರತಿನಿಧಿಗಳು, ರಾಜ್ಯ ಮತ್ತು ಫೆಡರಲ್ ಸರ್ಕಾರ ಒಟ್ಟಾಗಿ ಕೂರುವ ಸಹನಿರ್ವಹಣಾ ಮಂಡಳಿ ಜೀವನಾಧಾರ ಬೇಟೆಯ ನಿಯಮಗಳನ್ನು ಶಿಫಾರಸು ಮಾಡುತ್ತದೆ.

ಇಂದಿನ ದೊಡ್ಡ ಆತಂಕ ಯಾವುದು?

ನೆಲ. ಹಿಮನದಿಗಳು ಬಿಟ್ಟುಹೋದ ಲಕ್ಷಾಂತರ ಹೊಂಡಗಳ ನಾಡು ಅಮೆರಿಕದ ಡಕೋಟಾ ರಾಜ್ಯಗಳಿಂದ ಆಲ್ಬರ್ಟಾದವರೆಗೆ ಹರಡಿದೆ. ಖಂಡದ ಬಾತುಗಳ ತೊಟ್ಟಿಲು ಅದು. ಆದರೆ ಹೊಂಡ ಇರುವುದು ರೈತನ ಹೊಲದ ನಡುವೆ, ಕಾಲುವೆ ತೋಡಿ ಬರಿದುಮಾಡಿದರೆ ಅಷ್ಟು ಉಳುಮೆಗೆ ಸಿಗುತ್ತದೆ. ಅಲಾಸ್ಕಾ ಮತ್ತು ಹವಾಯಿ ಬಿಟ್ಟು ಉಳಿದ ಅಮೆರಿಕ 1780ರ ದಶಕದಿಂದ ಇನ್ನೂರು ವರ್ಷಗಳಲ್ಲಿ ತನ್ನ ಜೌಗುಭೂಮಿಯ ಅರ್ಧಕ್ಕೂ ಹೆಚ್ಚು ಭಾಗವನ್ನು ಕಳೆದುಕೊಂಡಿತು. ಸೂಜಿಬಾಲದ ಬಾತಿನ ಕಥೆ ಇನ್ನೂ ಬೇಸರದ್ದು: ಅದು ವಸಂತದ ಮೊದಲಲ್ಲೇ ಬಂದು, ಹಿಂದಿನ ವರ್ಷದ ಕೂಳೆ ನಿಂತ ಹೊಲವನ್ನು ಹುಲ್ಲುಗಾವಲೆಂದೇ ತಿಳಿದು ಗೂಡು ಮಾಡುತ್ತದೆ, ಕೆಲವೇ ದಿನಗಳಲ್ಲಿ ಟ್ರ್ಯಾಕ್ಟರ್ ಬರುತ್ತದೆ. ಮಳೆ ಚೆನ್ನಾಗಿ ಬಂದ ವರ್ಷಗಳಲ್ಲೂ ಅದು ಮಲಾರ್ಡಿನಂತೆ ಚೇತರಿಸಿಕೊಳ್ಳದಿರುವುದಕ್ಕೆ ಇದೇ ಮುಖ್ಯ ಕಾರಣ. ದಿನದ ಮಿತಿಯನ್ನು ಎಷ್ಟು ಇಳಿಸಿದರೂ ಆ ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ಶರತ್ಕಾಲದಲ್ಲೇ ಗೋಧಿ ಬಿತ್ತುವಂತೆ ರೈತರನ್ನು ಒಪ್ಪಿಸಿ, ವಸಂತದಲ್ಲಿ ಹೊಲವನ್ನು ಕದಲಿಸದೆ ಬಿಡುವ ಪ್ರಯತ್ನಗಳು ಅದಕ್ಕಾಗಿಯೇ ನಡೆದಿವೆ.

ಸತ್ತ ಹಕ್ಕಿಯ ಕಾಲಿನಲ್ಲಿ ಉಂಗುರ ಸಿಕ್ಕರೆ ಏನು ಮಾಡಬೇಕು?

ಬೇಟೆಯಲ್ಲಿ ಸಿಕ್ಕಿರಲಿ, ದಾರಿಬದಿಯಲ್ಲಿ ಸಿಕ್ಕಿರಲಿ, ಅದರ ಮೇಲಿನ ಸಂಖ್ಯೆಯನ್ನು ಅಮೆರಿಕದ ಹಕ್ಕಿ ಉಂಗುರ ಪ್ರಯೋಗಾಲಯದ ಜಾಲತಾಣದಲ್ಲಿ ದಾಖಲಿಸಿ, ಸಿಕ್ಕ ದಿನ ಮತ್ತು ಸ್ಥಳವನ್ನು ತಿಳಿಸಬೇಕು. ಕೆನಡಾದ ಉಂಗುರವಾದರೂ ಅಲ್ಲಿಯೇ ದಾಖಲಾಗುತ್ತದೆ, ಎರಡೂ ದೇಶಗಳ ಕಡತ ಒಂದೇ. ಉಂಗುರವನ್ನು ನೀವೇ ಇಟ್ಟುಕೊಳ್ಳಬಹುದು. ಅಂಕಿಗಳು ಸವೆದು ಓದಲಾಗದಿದ್ದರೆ ಎಸೆಯದೆ ಪ್ರಯೋಗಾಲಯವನ್ನೇ ಸಂಪರ್ಕಿಸುವುದು ಒಳ್ಳೆಯದು. ಆ ಹಕ್ಕಿಗೆ ಎಲ್ಲಿ, ಯಾವ ವರ್ಷ, ಎಷ್ಟು ವಯಸ್ಸಾಗಿದ್ದಾಗ ಉಂಗುರ ತೊಡಿಸಲಾಯಿತು ಎಂಬ ವಿವರವಿರುವ ಪ್ರಮಾಣಪತ್ರ ನಿಮಗೆ ಬರುತ್ತದೆ.